ಹಗೇವಿನ ಬಾಯಿಗೆ ಅಡ್ಡ ಮಲಗಿದವರು

ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ನನ್ನ ಮೊಬೈಲಿನಲ್ಲಿ ಉಳಿದ ಒಂದು ಫೋಟೋದಿಂದ. ಅದರಲ್ಲಿ ನಮ್ಮ ಓಣಿಯಿದೆ. ಹೊಸ ರಸ್ತೆಗೆ ಹಾಸಿದ ಜಲ್ಲಿ ಖಡಿಯನ್ನು ಗಟ್ಟಿ ಮಾಡುತ್ತಿದ್ದ ರೋಲರ್ ಹಿಂದೆ ಸರಿದು ನಿಂತಿದೆ. ಅದರ ಭಾರಕ್ಕೆ ಒಡೆದ ಹಾಸುಗಲ್ಲು ಎರಡು ಹೋಳಾಗಿ ಬಿದ್ದಿದೆ. ಕಲ್ಲಿದ್ದ ಜಾಗದಲ್ಲಿ ಒಂದು ಕಪ್ಪು ಬಾಯಿ, ಅದರೊಳಗೆ ಇಳಿಬಿಟ್ಟ ಏಣಿ. ಏಣಿಯ ಮೇಲಿನ ಮೆಟ್ಟಿಲಲ್ಲಿ ನನ್ನ ಅಣ್ಣ ನಗುತ್ತ ನಿಂತಿದ್ದಾನೆ. ಅವನ ಕೈಯಲ್ಲಿ ಅಳತೆಯ ಟೇಪು. ಟೇಪು ಕೊಟ್ಟವಳು ನಾನು. ಇಳಿ ಅಂದವಳೂ ನಾನು.

ಆದರೆ ಇದು ನನ್ನ ಕಥೆಯಲ್ಲ. ಹೋದ ತಿಂಗಳು ನಮ್ಮ ಗ್ರಾಮ ಪಂಚಾಯತಿಯ ವಾಟರ್‌ಮನ್ ಕೆಲಸದಿಂದ ನಿವೃತ್ತರಾದ ಒಬ್ಬರ ಬಗ್ಗೆ ಬರೆಯಲು ಕೂತಿದ್ದೇನೆ. ಅವರಿಗೆ ಶಾಲು ಹೊದಿಸಿದ ದಿನ ಎರಡು ಮಾತಾಡು ಎಂದು ನನ್ನನ್ನು ಎಬ್ಬಿಸಿದ್ದರು. ಎದ್ದು ನಿಂತು ‘ಹತ್ತು ನಲವತ್ತೆರಡು’ ಅಂದೆ. ಅಷ್ಟಕ್ಕೇ ಕೂತುಬಿಟ್ಟೆ. ಅಲ್ಲಿ ಆಡಲಾಗದ್ದು ಇಲ್ಲಿ ಬರುತ್ತದೇನೋ ನೋಡೋಣ. ಹೆಸರು ಮಾತ್ರ ಹಾಕುವುದಿಲ್ಲ. ಹೊಸ ನೀರಿನ ಟಾಕಿಗೆ ಅವರ ಹೆಸರಿಡೋಣವೆಂದು ಯಾರೋ ಅಂದಾಗಲೇ ಅವರು ಸಿಡುಕಿದ್ದರು: “ನೀರ ಬಿಡಾಂವನ ಹೆಸರ ಇಟ್ರ, ನೀರ ಬರದ ದಿನಾ ನನ್ನ ಹೆಸರಿಗೇ ಬಯ್ತಾರ. ಬ್ಯಾಡ್ರಿ.”

ಊರಿಗೆಲ್ಲ ಅವರು ಕಾಕಾ. ನನಗೂ ಕಾಕಾ.

ರೋಣಕ್ಕೂ ನರಗುಂದಕ್ಕೂ ನಡುವಿನ ಎರೆಭೂಮಿಯಲ್ಲಿ ನಮ್ಮೂರು. ಸುತ್ತ ಕಪ್ಪು ಎರೆ, ಊರು ಕೂತದ್ದು ಮಾತ್ರ ಗಟ್ಟಿ ಗರಸಿನ ದಿಬ್ಬದ ಮೇಲೆ. ಈ ದಿಬ್ಬದ ಅಡಿಯ ಪೈಪುಗಳೆಲ್ಲ ಕಾಕಾನಿಗೆ ತಮ್ಮ ಅಂಗೈ ಗೆರೆಗಳ ಹಾಗೆ ಗೊತ್ತಿದ್ದವು. ವಾಲ್ ತಿರುವುವ ಉದ್ದನೆಯ ಕಬ್ಬಿಣದ ಕೀಲಿ ಸದಾ ಹೆಗಲ ಮೇಲೆ. ಎಲ್ಲೋ ನೀರು ಸೋರುತ್ತಿದೆ ಎಂದು ಅನುಮಾನ ಬಂದರೆ ಕೀಲಿಯ ಒಂದು ತುದಿಯನ್ನು ನೆಲಕ್ಕೂರಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದರು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಒಮ್ಮೆ ಹಾಗೆಯೇ ಕೇಳಿ, ಹೊಸದಾಗಿ ಫರಸಿ ಹಾಕಿದ ಒಂದು ಮನೆಯ ಪಡಸಾಲೆಯ ನಡುವೆ ಬೆರಳು ತೋರಿಸಿ “ಇಲ್ಲಿ ಅಗೀರಿ” ಅಂದರು. ಮನೆಯವರು ಜಗಳಕ್ಕೇ ಬಂದರು. ಅಗೆದಾಗ ಒಡೆದ ಪೈಪು ಸರಿಯಾಗಿ ಅವರ ಬೆರಳಿನ ಕೆಳಗೆ ಇತ್ತು.

ನೀರು ಬಿಟ್ಟ ಮೇಲೆ ಅವರು ಟಾಕಿಯ ಹತ್ತಿರ ನಿಲ್ಲುತ್ತಿರಲಿಲ್ಲ. ಸೈಕಲ್ಲು ಹತ್ತಿ ಓಣಿಯ ಕಡೆಯ ಮನೆಗೆ ಹೋಗಿ, ಅಲ್ಲಿನ ನಲ್ಲಿಗೆ ಬೊಗಸೆ ಒಡ್ಡಿ ಕುಡಿಯುತ್ತಿದ್ದರು. ಕಡೆಯ ಮನೆಗೆ ಮುಟ್ಟಿದರೆ ಊರಿಗೆ ಮುಟ್ಟಿದ ಹಾಗೆ ಎಂಬುದು ಅವರ ಲೆಕ್ಕ. ಗ್ರಾಮಸಭೆಯಲ್ಲಿ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಕೂರುತ್ತಿದ್ದರು. ಇಡೀ ಸಭೆಗೆ ಒಂದೇ ಸಲ ಏಳುವುದು, “ನಂದೊಂದು ಮಾತೈತ್ರಿ” ಅನ್ನುವುದು. ಅಷ್ಟಕ್ಕೇ ಸಭೆ ನಗುತ್ತಿತ್ತು. ನಗು ಮುಗಿಯುವವರೆಗೆ ಕಾದು ಮಾತು ಹೇಳಿ ಕೂರುತ್ತಿದ್ದರು.

ನಾನು ಧಾರವಾಡದಲ್ಲಿ ಇತಿಹಾಸ ಓದಿ ಬಂದವಳು. ರೋಣದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನಮ್ಮ ಪಂಚಾಯತಿಯ ಅಧ್ಯಕ್ಷರು ಉತ್ಸಾಹದ ಹೆಣ್ಣುಮಗಳು. ಊರಿನ ಹಳೆಯ ಸೊತ್ತುಗಳ ಒಂದು ಪಟ್ಟಿಯಾಗಬೇಕು, ಅದನ್ನು ಪಂಚಾಯತಿ ಕಾಯಬೇಕು, ನೀನೇ ಮಾಡು ಎಂದು ನನ್ನ ಕೈಗೆ ರಿಜಿಸ್ಟರ್ ಕೊಟ್ಟರು. ಕುಣಿದಾಡಿಬಿಟ್ಟೆ. ಅಗಸಿಬಾಗಿಲು, ಕಾವಲು ಬುರುಜಾಗಿದ್ದ ಹುಡೇವಿನ ಗೋಡೆ, ಬಟ್ಟೆ ಒಗೆಯುವ ಕಲ್ಲಾಗಿದ್ದ ವೀರಗಲ್ಲು, ಒಂದೊಂದನ್ನೂ ಅಳೆದು ಬರೆದೆ. ಆಮೇಲೆ ಹಗೇವುಗಳ ಸರದಿ.

ಹಗೇವು ಅಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗುಡಾಣದ ಹಾಗೆ ಅಗಲವಾದ ಹೊಟ್ಟೆ. ಒಳಗೋಡೆಗೆ ಜೋಳದ ದಂಟಿನ ಕಣಿಕೆ ಕೊಟ್ಟು ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮಣ್ಣು ಬಡಿದು ಸಾರಿಸಿಬಿಟ್ಟರೆ ಮಳೆ ಕೈಕೊಟ್ಟ ವರ್ಷವೂ ಮನೆ ಉಣ್ಣುತ್ತಿತ್ತು. ನನ್ನ ತಲೆಮಾರಿನವರು ಯಾರೂ ಒಂದನ್ನೂ ತೆಗೆದದ್ದು ಕಂಡಿಲ್ಲ. ಮನೆಮನೆಗೆ ಹೋಗಿ ಗಂಡಸರನ್ನು ಕೇಳಿದೆ. ಎಷ್ಟಿವೆ ಎಂದರೆ ಎದೆಯುಬ್ಬಿಸಿ ಎರಡು, ನಾಲ್ಕು ಅನ್ನುತ್ತಿದ್ದರು. ಹೆಣ್ಣು ಕೊಡುವವರು ಮೊದಲು ಹಗೇವು ಎಷ್ಟಿವೆ ಎಂದು ಕೇಳುತ್ತಿದ್ದ ಕಾಲದ ಗತ್ತು ಅದು. ಎಲ್ಲಿವೆ ಎಂದರೆ ಮಾತು ಜಾರುತ್ತಿತ್ತು. ಅಲ್ಲೇ ಮನೆ ಮುಂದೆ, ಹಿತ್ತಲ ಕಡೆ, ಮುಚ್ಚಿ ಹೋಗಿರಬೇಕು. ಎಷ್ಟು ಎಂದು ಹೇಳು, ಎಲ್ಲಿ ಎಂದು ಹೇಳಬೇಡ ಎಂಬುದು ದಂಡು, ಲೂಟಿಗಳ ಕಾಲದಿಂದ ಬಂದ ಪಾಠವೆಂದು ನನಗೆ ಆಗ ತಿಳಿದಿರಲಿಲ್ಲ. ಜಾಗದ ಕಾಲಮ್ಮನ್ನು ಅಂದಾಜಿನ ಮೇಲೆ ತುಂಬಿದೆ. ನಮ್ಮ ಓಣಿಯ ರಸ್ತೆಯಲ್ಲಿ ‘ಇಲ್ಲ’ ಎಂದು ಬರೆದೆ.

ಕಾಕಾನನ್ನೂ ಕೇಳಿದ್ದೆ. ಟಾಕಿಯ ಕಂಬದ ನೆರಳಲ್ಲಿ ಕೂತು ರೊಟ್ಟಿ ಝುಣಕಾ ಉಣ್ಣುತ್ತಿದ್ದರು. ನನಗೂ ಅರ್ಧ ರೊಟ್ಟಿ ಮುರಿದುಕೊಟ್ಟರು. ನನ್ನ ರಿಜಿಸ್ಟರ್ ನೋಡಿ, “ಮ್ಯಾಲಿಂದೆಲ್ಲಾ ಚಲೋ ಬರದೀಯವಾ. ಕೆಳಗಿಂದು ಪೆನ್ನಿಗೆ ಸಿಗೂದಿಲ್ಲ” ಅಂದರು. ಮುದುಕರ ಮಾತು ಎಂದು ನಕ್ಕು ಎದ್ದು ಬಂದೆ.

ರಸ್ತೆಯ ಕೆಲಸ ಶುರುವಾಗುವ ಹಿಂದಿನ ದಿನ ಅವರು ಪಂಚಾಯತಿಗೆ ಹೋಗಿ, ಆ ಓಣಿಗೆ ರೋಲರ್ ಬೇಡ, ಕೈಯಿಂದಲೇ ಬಡಿಯಿರಿ ಎಂದು ಹೇಳಿದ್ದರಂತೆ. ಕಾರಣ ಕೇಳಿದರೆ ಕೊಡಲಿಲ್ಲ. ಪಂಚಾಯತಿಯವರು ನನ್ನ ಪಟ್ಟಿ ತೆಗೆದು ತೋರಿಸಿದ್ದಾರೆ, ನೋಡ್ರಿ, ಇಲ್ಲಿ ಏನೂ ಇಲ್ಲ ಎಂದು. “ಪಟ್ಟಿಯಾಗ ಇಲ್ಲಂದ್ರ ನೆಲದಾಗ ಇರೂದಿಲ್ಲೇನ್ರಿ?” ಎಂದಷ್ಟೇ ಹೇಳಿ ಕೀಲಿ ಹೊತ್ತು ಹೋದರಂತೆ.

ಮರುದಿನ ಕಲ್ಲು ಒಡೆದಾಗ ಓಣಿಯಲ್ಲಿ ಹಬ್ಬವೇ ಆಯಿತು. ಇಂಥದೊಂದು ಪೂರ್ತಿ ಹಗೇವು ಕಣ್ಣೆದುರಿಗೇ ಬಾಯ್ತೆರೆದಿದೆ! ಅಧ್ಯಕ್ಷರು ಓಡಿ ಬಂದರು. ಇಲ್ಲಿ ಫಲಕ ಹಾಕಿಸೋಣ ಎಂದರು. ನನಗಂತೂ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಒಳಗಿನಿಂದ ಹುಳಿಹುಳಿಯಾದ, ಕೊಳೆತ ಜೋಳದ ವಾಸನೆ ಬರುತ್ತಿತ್ತು. ಅದನ್ನೂ ಇತಿಹಾಸದ ವಾಸನೆ ಎಂದೇ ಎಳೆದುಕೊಂಡೆ. ಆಳ ಬೇಕು, ಒಳಗಿನ ಫೋಟೋ ಬೇಕು ಎಂದೆ. ಅಣ್ಣ ನಮ್ಮ ಓಣಿಯ ಪಂಚಾಯತಿ ಸದಸ್ಯ, ಯಾವುದಕ್ಕೂ ಮುಂದೆ ನುಗ್ಗುವವನು. ಏಣಿ ತಂದವನೂ ಅವನೇ. ಇಳಿಯುತ್ತ ಏನೋ ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು. ತಲೆ ಮರೆಯಾಯಿತು. “ಎಷ್ಟು?” ಎಂದು ಕೂಗಿದೆ. “ತಡಿ, ಇನ್ನ ತಳಾ...” ಅಂದ.

ಅಷ್ಟೇ. ಟೇಪು ಸಡಿಲಾಯಿತು. ಬಗ್ಗಿ ನೋಡಿದರೆ ಒಡೆದ ಕಲ್ಲಿನ ಜೊತೆ ಉದುರಿದ ಮಣ್ಣಿನ ಗುಡ್ಡೆಗೆ ಒರಗಿ, ಕುಡಿದವರ ಹಾಗೆ ಕೂತಿದ್ದಾನೆ. ಅವನು ಊರ ನಾಟಕದಲ್ಲಿ ಪಾತ್ರ ಮಾಡುವವನು. ನಾನು ಅಂದೆ: “ನಾಟಕ ಸಾಕೋ ಅಣ್ಣಾ, ಅಳತಿ ಹೇಳು.” ಇನ್ನೊಮ್ಮೆ ಅಂದೆ. ಮತ್ತೊಮ್ಮೆ ಅಂದೆ. ಈ ಮೂರು ಸಲದ ನಡುವೆ ಎಷ್ಟು ಹೊತ್ತು ಹೋಯಿತೋ ನನಗೆ ಈಗಲೂ ತಿಳಿಯದು. ಪಾಠ ಹೇಳುತ್ತ ಬೋರ್ಡಿನ ಕಡೆ ತಿರುಗಿದಾಗ, ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ ನನ್ನದೇ ದನಿ ಕೇಳುತ್ತದೆ, ಅಳತಿ ಹೇಳು, ಅಳತಿ ಹೇಳು.

ಪಕ್ಕದ ಮನೆಯ ಟ್ರ್ಯಾಕ್ಟರಿನ ಯಜಮಾನ, ಅಣ್ಣನ ಗೆಳೆಯ, ಏಣಿಗೆ ಕಾಲಿಟ್ಟಿದ್ದ. ಎಲ್ಲಿಂದ ಬಂದರೋ ಕಾಕಾ! ಓಡೋಡಿ ಬಂದವರೇ ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ ಹಿಂದಕ್ಕೆಳೆದು ಕೆಡವಿದರು. ಮರುಗಳಿಗೆಯಲ್ಲಿ ಏಣಿಯನ್ನೇ ಮೇಲಕ್ಕೆ ಕಿತ್ತು ಬಿಸಾಡಿದರು. ಜನ ಹೋ ಎಂದು ಬೈಯತೊಡಗಿತು. ಒಳಗೆ ಮನುಷ್ಯ ಸಾಯುತ್ತಿದ್ದಾನೆ, ಈ ಮುದುಕ ಏಣಿ ತೆಗೆಯುತ್ತಾನೆ. ನಾನು ಸೀರೆ ಎತ್ತಿ ಕಟ್ಟಿ ಹಾಗೆಯೇ ಧುಮುಕಲು ನುಗ್ಗಿದೆ. ಕಾಕಾ ಹಗೇವಿನ ಬಾಯಿಗೆ ಅಡ್ಡಲಾಗಿ ಉದ್ದಕ್ಕೆ ಮಲಗಿಬಿಟ್ಟರು. ಆಚೆ ದಂಡೆಗೆ ತಲೆ, ಈಚೆಗೆ ಕಾಲು. ನಾನು ಅವರ ಬೆನ್ನಿಗೆ ಗುದ್ದಿದೆ. ಬಾಯಿಗೆ ಬಂದದ್ದು ಬೈದೆ. ಅವರು ಕದಲಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಒಬ್ಬಾಂವ ಒಳಗದಾನ. ಇನ್ನೊಬ್ಬ ಇಳದ್ರ ಎರಡ ಹೆಣಾ ತಗೀಬೇಕಾಕ್ಕೈತಿ. ಒಳಗ ಗಾಳಿ ಇಲ್ಲ. ಮೊದಲ ಗಾಳಿ ತರ್ರಿ.”

ಗಾಳಿ ತರುವುದು ಹೇಗೆ? ಅದನ್ನೂ ಮಲಗಿದಲ್ಲಿಂದಲೇ ಹೇಳಿದರು. ಕಡಲೆಯ ರಾಶಿ ಮುಗಿದು ವಾರ ಕಳೆದಿರಲಿಲ್ಲ, ರಾಶಿ ತೂರುವ ದೊಡ್ಡ ಫ್ಯಾನು ಟ್ರ್ಯಾಕ್ಟರಿನವನ ಅಂಗಳದಲ್ಲೇ ಇತ್ತು. ನಾಲ್ವರು ಎತ್ತಿ ತಂದರು. ಕರೆಂಟು ಇತ್ತು, ಯಾವ ದೇವರ ಪುಣ್ಯವೋ. ರಸ್ತೆಯ ಅಡಿಗೆ ಹಾಕಲೆಂದು ತಂದಿಟ್ಟಿದ್ದ ನೀರಿನ ದಪ್ಪ ಪೈಪನ್ನು ಕಾಕಾ ಎದ್ದು ತಾವೇ ಒಳಗೆ ಇಳಿಬಿಟ್ಟು ಅಣ್ಣನ ಮುಖದ ಹತ್ತಿರ ನಿಲ್ಲಿಸಿದರು. ಪೈಪಿನ ಮೇಲುಬಾಯಿಗೆ ತಾಡಪತ್ರಿ ಸುತ್ತಿ, ಅದರ ಅಗಲ ಬಾಯನ್ನು ಫ್ಯಾನಿಗೆ ಹಿಡಿಯಬೇಕು. ಹಿಡಿದವರು ಅಧ್ಯಕ್ಷರು. ಸೆರಗು ಹಾರಿ ಮುಖ ಮುಚ್ಚಿದರೂ ಕೈ ಬಿಡಲಿಲ್ಲ. ಫ್ಯಾನು ಶುರುವಾದೊಡನೆ ಹಗೇವಿನ ಬಾಯಿಂದ ಕರಿ ಧೂಳು, ಕಣಿಕೆಯ ಚೂರು ಭುಸ್ಸೆಂದು ಎದ್ದು ಎಲ್ಲರ ಮೈಮೇಲೆ ಬಿತ್ತು.

“ಆಯೀ, ಪಾತಾಳಗರಡಿ ಕೊಡ” ಎಂದು ಕಾಕಾ ಎದುರು ಮನೆಯ ಮುದುಕಿಯ ಕಡೆ ಕೂಗಿದರು. ಪಾತಾಳಗರಡಿ ಎಂದರೆ ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಗೊಂಚಲು. ಒಡೆದ ಹಗೇವು ಅವಳ ಮನೆಯದೇ, ಓಣಿಯಲ್ಲಿ ಇಲ್ಲ ಎಂದು ನನಗೆ ಹೇಳಿದವನು ಅವಳ ಮಗ. ಹಗ್ಗದ ಸಮೇತ ತಂದುಕೊಟ್ಟಳು. ಕಾಕಾ ಮೊದಲ ಸಲ ಎಸೆದರು, ಕೊಕ್ಕೆ ಅಂಗಿಗೆ ಸಿಕ್ಕಿ ಹರಿಯಿತು. ಎರಡನೆಯ ಸಲ ಸೊಂಟದ ಬೆಲ್ಟಿಗೆ ಸಿಕ್ಕಿತು. “ಜಗ್ಗರಿ, ಸಾವಕಾಶ” ಅಂದರು. ಅಣ್ಣ ಜೋಳದ ಚೀಲದ ಹಾಗೆ ಎರಡಾಗಿ ಮಡಿಚಿಕೊಂಡು ಮೇಲೆ ಬಂದ. ಮುಖ ಬೂದಿಯ ಬಣ್ಣ, ತುಟಿ ನೇರಳೆ. ಕಟ್ಟೆಯ ಮೇಲೆ ಮಲಗಿಸಿ ಕಾಕಾ ಅವನ ಬಾಯೊಳಗಿನ ಮಣ್ಣು ಬೆರಳಿನಿಂದ ತೆಗೆದರು. ಆಮೇಲೆ ಅವನ ಗಂಟಲಿಂದ ಗೊರಕೆಯಂಥ ಒಂದು ಉಸಿರು ಬಂತು. ಸ್ವಲ್ಪ ತಡೆದು ಇನ್ನೊಂದು.

ನರಗುಂದದ ದವಾಖಾನೆಯ ದಾರಿಯಲ್ಲಿ ಅವನು ಕಣ್ಣು ತೆರೆದು ಮೊದಲು ಆಡಿದ ಮಾತು, “ನಿನ್ನ ಟೇಪ್ ಒಳಗ ಬಿತ್ತ ನೋಡ.” ನಾನು ನಕ್ಕೆನೋ ಅತ್ತೆನೋ, ಗಾಡಿಯವನು ಗಾಬರಿಯಾಗಿ ತಿರುಗಿ ನೋಡಿದ. ಎರಡು ದಿನಕ್ಕೆ ಅಣ್ಣ ಮನೆಗೆ ಬಂದ.

ಅತ್ತ ಕಾಕಾ ಏನು ಮಾಡಿದರೆಂದು ಆಮೇಲೆ ಅಧ್ಯಕ್ಷರು ಹೇಳಿದರು. ನಮ್ಮ ಗಾಡಿ ಹೋದ ಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತರಂತೆ. ಯಾರೋ ಬೀಡಿ ಹಚ್ಚಿಕೊಟ್ಟರು. ಎರಡು ದಮ್ಮು ಎಳೆದವರೇ ಹೌಹಾರಿ ಎದ್ದು, ಮೋಟರು ಬಂದ್ ಮಾಡಿಲ್ಲ, ಟಾಕಿ ತುಂಬಿ ಹರಿಯುತ್ತಿರಬೇಕು ಎಂದು ಓಡಿದರಂತೆ. ಅಷ್ಟು ವರ್ಷದ ನೌಕರಿಯಲ್ಲಿ ಟಾಕಿ ತುಳುಕಿದ್ದು ಅದೊಂದೇ ದಿನ. ಅದನ್ನು ತಾವಾಗಿಯೇ ಕಾರ್ಯದರ್ಶಿಗೆ ಹೇಳಿ, ತಪ್ಪಾಯಿತು ಎಂದು ಬರೆಸಿದರು. ಕಾರಣ ಬರೆಸಲಿಲ್ಲ.

ಅಣ್ಣ ಬಂದ ಸಂಜೆ ಅವರು ಮನೆಗೆ ಬಂದರು. ಬೆನ್ನಿಗೆ ಗುದ್ದಿದ್ದಕ್ಕೆ ಕಾಲು ಮುಟ್ಟಲು ಹೋದೆ. ಬಿಡಲಿಲ್ಲ. ನೆಲ ನೋಡುತ್ತ ಹೇಳಿದರು. ಅವರಪ್ಪ ಊರಿನ ಹಗೇವು ತೆಗೆದುಕೊಡುವ ಕೆಲಸದವನು. ಕಲ್ಲು ಸರಿಸಿ ಒಂದು ದಿನ ಉಸಿರಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ದೀಪ ಉರಿದರೆ ಮಾತ್ರ ತಾನು ಇಳಿಯುತ್ತಿದ್ದ. ಒಂದು ಸಲ ಅವಸರದ ಯಜಮಾನನೊಬ್ಬ ಕಾಯಲು ಬಿಡಲಿಲ್ಲ. ಕಾಕಾನ ಅಣ್ಣ ಇಳಿದ, ಅವನನ್ನು ತೆಗೆಯಲು ಚಿಕ್ಕಪ್ಪ ಇಳಿದ. ಇಬ್ಬರೂ ಮೇಲೆ ಬರಲಿಲ್ಲ. ಕಾಕಾನಿಗೆ ಆಗ ಹದಿನಾರು.

“ಕಂಡವರ ಕಾಳಿನ ಜಾಗಾ ಬಾಯಾಗ ಬರಬಾರದು ಅಂತ ನಮ್ಮಪ್ಪ ಆಣಿ ತಗೊಂಡಿದ್ದ ನನ್ನ ಕಡಿಂದ. ಅದಕ್ಕ ಹೇಳಲಿಲ್ಲವಾ. ರೋಲರ್ ಬ್ಯಾಡ ಅಂದೆ, ಯಾಕ ಅನ್ನಲಿಲ್ಲ. ತಪ್ಪ ನಿನ್ನ ಪಟ್ಟೀದು ಅಷ್ಟ ಅಲ್ಲ, ನಂದೂ ಐತಿ.”

ಮುಂದಿನ ಗ್ರಾಮಸಭೆಯಲ್ಲಿ ಅವರು ಎದ್ದು “ನಂದೊಂದು ಮಾತೈತ್ರಿ” ಅಂದಾಗ ಯಾರೂ ನಗಲಿಲ್ಲ. ರಸ್ತೆ ನಿಂತಿತ್ತು. ಕೆಳಗೆ ಇನ್ನೆಲ್ಲಿ ಪೊಳ್ಳಿದೆಯೋ ಎಂದು ಜನ ಗೋಡೆಯ ಬದಿಗೇ ನಡೆಯುತ್ತಿದ್ದರು. ಕೇಳಿದರೆ ಆಗಲೂ ಯಾರೂ ಜಾಗ ಹೇಳುತ್ತಿರಲಿಲ್ಲ. ಕಾಕಾ ಗಂಡಸರ ಕಡೆ ನೋಡಲೇ ಇಲ್ಲ. ಹೆಂಗಸರು ಕೂತಿದ್ದ ಕಡೆ ತಿರುಗಿ ಹೇಳಿದರು: “ಶುಕ್ರವಾರ ಮುಂಜಾನೆ ಲಗೂನ ನೀರ ಬಿಡ್ತೀನಿ. ಬಾಯಿಲೆ ಹೇಳೂದ ಬ್ಯಾಡ. ಕೆಳಗ ಹಗೇವು ಐತಿ ಅಂತ ಗೊತ್ತಿದ್ದಲ್ಲಿ ಒಂದೊಂದ ರಂಗೋಲಿ ಹಾಕಿಬಿಡ್ರಿ. ಯಾರ ಹಾಕಿದ್ರು ಅಂತ ಯಾರೂ ಕೇಳಬಾರದು.”

ಹೆಂಗಸರಿಗೆ ಏನು ಗೊತ್ತಿದೆ ಎಂದು ಒಬ್ಬ ಹಿರಿಯ ಕುಟುಕಿದ. ಪಾತಾಳಗರಡಿ ಕೊಟ್ಟ ಮುದುಕಿ ಕೂತಲ್ಲಿಂದಲೇ ಉತ್ತರಿಸಿದಳು: “ತುಂಬಿದವರು ನೀವು. ಮ್ಯಾಲೆ ಸಾರಿಸಿ ಗುರುತ ಅಳಿಸಿದವರ ಯಾರೋ ತಮ್ಮಾ?”

ಆ ಶುಕ್ರವಾರದ ಮುಂಜಾನೆಯನ್ನು ಹೇಗೆ ಹೇಳಲಿ! ಬೆಳಕು ಹರಿಯುವಾಗ ಓಣಿಗೆ ಬಂದರೆ ರಂಗೋಲಿಗಳು ಹೊಸ್ತಿಲು ಬಿಟ್ಟು ಊರೆಲ್ಲ ಚೆಲ್ಲಿಕೊಂಡಿವೆ. ರಸ್ತೆಯ ನಟ್ಟನಡುವೆ ಒಂದು. ಬೇವಿನ ಕಟ್ಟೆಯ ಬುಡಕ್ಕೆ ಎರಡು. ಟ್ರ್ಯಾಕ್ಟರು ನಿಲ್ಲಿಸುವ ಜಾಗದಲ್ಲಿ, ಬಸ್ಸಿಗೆ ಕಾಯುವ ತಗಡಿನ ಚಪ್ಪರದ ಕೆಳಗೆ, ಕಡೆಗೆ ಪಂಚಾಯತಿ ಕಚೇರಿಯ ಮೆಟ್ಟಿಲ ಎದುರಿಗೇ ಒಂದು ದೊಡ್ಡ ಎಂಟೆಸಳಿನದು. ಅಧ್ಯಕ್ಷರು ಅದರ ಹೊರಗೆ ಚಪ್ಪಲಿ ಹಿಡಿದು ನಿಂತು, ಒಳಗೆ ಹೇಗೆ ಹೋಗಲಿ ಎಂದು ನಗುತ್ತಿದ್ದರು. ನನ್ನ ಪಟ್ಟಿಯಲ್ಲಿ ಅಂದಾಜಿಗಾದರೂ ಜಾಗ ಬರೆದದ್ದು ಒಂಬತ್ತಕ್ಕೆ. ಅಂದು ಮಧ್ಯಾಹ್ನದೊಳಗೆ ಎಣಿಸಿದ್ದು ಮೂವತ್ತೊಂದು. ನಾನು ಬರೆಯುತ್ತ ಹೋದೆ, ಕಾಕಾ ಪ್ರತಿಯೊಂದರ ಸುತ್ತ ಸುಣ್ಣದ ನೀರಿನಿಂದ ಗೆರೆ ಎಳೆಯುತ್ತ ಬಂದರು. ಒಂದೊಂದು ರಂಗೋಲಿ ಕಂಡಾಗಲೂ ಅವರಿಗೆ ಗೊತ್ತಿದ್ದದ್ದೇ ಎಂದು ಮುಖ ಹೇಳುತ್ತಿತ್ತು. ಎರಡು ಕಡೆ ಮಾತ್ರ ಹುಬ್ಬೇರಿಸಿ, “ಇದು ನಮ್ಮಪ್ಪಗೂ ಗೊತ್ತಿದ್ದಿಲ್ಲ ನೋಡವಾ” ಅಂದರು. ಎಷ್ಟು ಖುಷಿ ಇತ್ತು ಆ ದನಿಯಲ್ಲಿ.

ಮನೆಗೆ ಬಂದರೆ ನನ್ನ ಮಂಚ ಜಾಗ ಬಿಟ್ಟು ಗೋಡೆಗೆ ಸರಿದಿತ್ತು. ಮಂಚವಿದ್ದ ನೆಲದ ಮೇಲೆ ಅವ್ವನ ಕೈಯ ಪುಟ್ಟ ರಂಗೋಲಿ. ನಮ್ಮಲ್ಲಿ ಹಗೇವೇ ಇಲ್ಲವೆಂದು ಅಪ್ಪ ನನಗೆ ಬರೆಸಿದ್ದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ನಿಮ್ಮಪ್ಪಗ ಖರೇನ ಗೊತ್ತಿಲ್ಲ. ನಿಮ್ಮಜ್ಜಿ ಸಾಯೂಮುಂದ ನನಗ ಅಷ್ಟ ಹೇಳಿದ್ಲು” ಅಂದಳು. ಅಣ್ಣ ಬಿದ್ದ ದಿನದಿಂದ ಕತ್ತಲಾದರೆ ನನಗೆ ಮಂಚದ ಕೆಳಗೆ ನೆಲವೇ ಇಲ್ಲ ಅನ್ನಿಸಿ ನಿದ್ದೆ ಹತ್ತುತ್ತಿರಲಿಲ್ಲ. ಬಗ್ಗಿ ಗೆಣ್ಣಿನಿಂದ ಬಡಿದರೆ ಪೊಳ್ಳು ಸದ್ದು ಬರುತ್ತಿತ್ತು. ತಲೆ ಕೆಟ್ಟಿದೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ನನ್ನ ಕಿವಿ ಸುಳ್ಳು ಹೇಳಿರಲಿಲ್ಲ.

ಹಿಂದೆಯೇ ಬಂದ ಕಾಕಾ ಸುಣ್ಣದ ಡಬ್ಬಿ ಕೆಳಗಿಟ್ಟು ಆ ರಂಗೋಲಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. ಅವ್ವ ಕೊಟ್ಟ ಚಹಾ ಕುಡಿದರು. ಅಂಗೈಯಿಂದ ನೆಲ ಸವರಿ, ಕಲ್ಲು ಗಟ್ಟಿ ಕೂತಿದೆ ಎಂದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

“ಸೋಮವಾರ ತಗಿಯೂಣು, ದೀಪಾ ಬಿಟ್ಟು, ಪದ್ಧತಿ ಪ್ರಕಾರ. ಅಲ್ಲೀತನಾ ಮಂಚ ಗ್ವಾಡಿ ಕಡೆನ ಇರಲಿ. ಎಲ್ಲೈತಿ ಅಂತ ಗೊತ್ತಾತಲ್ಲ? ಇನ್ನ ಮಕ್ಕೊ.”

ಅಂದು ರಾತ್ರಿ ಊಟವಾದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಶನಿವಾರ ಎಚ್ಚರಾದಾಗ ಬಿಸಿಲು ನಡುಮನೆಗೆ ಬಂದಿತ್ತು, ಕಾಲೇಜಿನ ಮೊದಲ ಬಸ್ಸು ಹೋಗಿಯಾಗಿತ್ತು.